ಕುಡಿಯದವರ ಲಿವರು

ಕುಂದಾಪುರದ ಕಡೆಯ ಮದುವೆಮನೆಗಳಲ್ಲಿ ಮೊದಲ ಪಂಕ್ತಿ ಏಳುವ ತನಕ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಗಂಡಸರಿಗೆ ಮಾತಾಡಲು ಮೂರೇ ವಿಷಯ ಇದ್ದ ಕಾಲವೊಂದಿತ್ತು. ಹೆದ್ದಾರಿ ಬದಿಯ ಜಾಗ ಸೆಂಟ್ಸಿಗೆ ಎಷ್ಟಾಯಿತು, ಯಕ್ಷಗಾನದ ಯಾವ ಮೇಳದ ಭಾಗವತರು ಯಾವ ಮೇಳಕ್ಕೆ ಹಾರಿದರು, ಗಂಗೊಳ್ಳಿಯಲ್ಲಿ ಬಂಗುಡೆ ಬಿತ್ತೋ ಇಲ್ಲವೋ. ಈಗ ನಾಲ್ಕನೆಯದೊಂದು ಬಂದು ಆ ಮೂರನ್ನೂ ಮೂಲೆಗೆ ತಳ್ಳಿದೆ.

"ಹ್ವಾಯ್, ನಿಮ್ದ್ ಎಷ್ಟ್ ಬಂತ್?"

"ಅರ್ವತ್ತೆಂಟ್."

"ಅಯ್ಯಬ್ಯಾ! ನಂದ್ ಬರೀ ನಲ್ವತ್ತೆರ್ಡ್."

ಹೊರಊರಿನವರು ಕೇಳಿದರೆ ಮೊಮ್ಮಕ್ಕಳ ಮಾರ್ಕು ಎಂದುಕೊಂಡಾರು. ಮಾರ್ಕೇ ಹೌದು, ಆದರೆ ಇಲ್ಲಿ ಕಡಿಮೆ ಬಂದವನಿಗೇ ರ‍್ಯಾಂಕು. ಇದು ಎಸ್‌ಜಿಪಿಟಿ. ಪಕ್ಕದಲ್ಲಿ ಅದರ ಜೋಡಿ ಎಸ್‌ಜಿಒಟಿ. ಎರಡೂ ರಕ್ತದಲ್ಲಿ ಸಿಗುವ ಲಿವರಿನ ಕಿಣ್ವಗಳು. ಬೆಳಿಗ್ಗೆ ಆರೂವರೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆ ವಾಟ್ಸಾಪಿನಲ್ಲಿ ಪಿಡಿಎಫ್ ಬರುತ್ತದೆ. ಅದರಲ್ಲಿ ಒಂದು ಅಂಕಿ ದಪ್ಪ ಅಕ್ಷರದಲ್ಲಿ ಇತ್ತು ಎಂದರೆ ಆ ಮನೆಯಲ್ಲಿ ರಾತ್ರಿಯ ಗಂಜಿ ಯಾರಿಗೂ ಇಳಿಯುವುದಿಲ್ಲ. ಬೈಂದೂರು, ಬ್ರಹ್ಮಾವರಗಳು 2018ರಲ್ಲಿ ಬೇರೆ ತಾಲೂಕುಗಳಾದವು. ತಹಶೀಲ್ದಾರರು ಬೇರೆಯಾದರು, ಸೀಲುಗಳು ಬೇರೆಯಾದವು. ದಪ್ಪ ಅಕ್ಷರದ ಹೆದರಿಕೆ ಮಾತ್ರ ಮೂರು ತಾಲೂಕಿಗೂ ಇನ್ನೂ ಜಂಟಿ ಖಾತೆಯಲ್ಲೇ ಇದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮ ಕಡೆ ಅದು ಅರ್ಧ ಡಾಕ್ಟರಿಕೆ. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದವನಿಗೆ ಭಾವನ ಹೊಟ್ಟೆಯೊಳಗಿನದ್ದು ತಿಳಿಯದೆ ಇರುತ್ತದೆಯೇ? ಹೀಗಾಗಿ ರಿಪೋರ್ಟುಗಳೆಲ್ಲ ನನ್ನ ಮೊಬೈಲಿಗೆ ಬರುತ್ತವೆ, ಕೆಳಗೊಂದು ಒಕ್ಕಣೆಯೊಂದಿಗೆ: "ಮಾಷ್ಟ್ರೇ, ಹೆದ್ರುದ್ ಎಂತಾರೂ ಇತ್ತಾ ಕಾಣಿ." ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದರೆ, "ಡಾಕ್ಟ್ರ್ ಹತ್ರ ಹೋರೆ ಎಂತಾರೂ ಇತ್ತ್ ಅಂದೇ ಹೇಳ್ತ್ರ್" ಎಂಬ ಉತ್ತರ. ಆ ತರ್ಕಕ್ಕೆ ನನ್ನ ಬಿ.ಎಡ್. ಸಾಲುವುದಿಲ್ಲ.

ಮೊದಲು ಪ್ಯಾಕೇಜಿನ ಲೆಕ್ಕವನ್ನೇ ನೋಡಿ. ಲ್ಯಾಬಿನವರು 'ನಾರ್ಮಲ್' ಎಂದು ಗೆರೆ ಎಳೆಯುವುದು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿ ಒಳಗೆ ಬರುವ ಹಾಗೆ. ಉಳಿದ ಐದು ಮಂದಿ ಆರೋಗ್ಯವಾಗಿದ್ದೂ ಗೆರೆಯ ಆಚೆ. ಅರುವತ್ತು ಪರೀಕ್ಷೆಗಳ ಪ್ಯಾಕೇಜು ಮಾಡಿಸಿದರೆ ಗಟ್ಟಿಮುಟ್ಟಾದವನಿಗೂ ಸರಾಸರಿ ಮೂರು ಅಂಕಿ ದಪ್ಪ ಅಕ್ಷರದಲ್ಲಿ ಬರಬೇಕು. ಡಿಸ್ಕೌಂಟಿನಲ್ಲಿ ಅರುವತ್ತು ಪರೀಕ್ಷೆ ಸಿಕ್ಕಿತೆಂದು ಖುಷಿಪಡುವವರು ಆ ಮೂರು ಹೆದರಿಕೆಯೂ ಪ್ಯಾಕೇಜಿನ ಒಳಗಿನದೇ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನು ಹೆಸರಿನ ಗೊಂದಲ. ಒಂದು ಲ್ಯಾಬು ಎಸ್‌ಜಿಪಿಟಿ ಎಂದು ಬರೆದದ್ದನ್ನು ಇನ್ನೊಂದು ಲ್ಯಾಬು ಎಎಲ್‌ಟಿ ಎಂದು ಬರೆಯುತ್ತದೆ. ಎಸ್‌ಜಿಒಟಿಗೆ ಎಎಸ್‌ಟಿ ಎಂಬ ಇನ್ನೊಂದು ಹೆಸರು. ನಮ್ಮ ಚಿಕ್ಕಮ್ಮ ಎರಡು ಲ್ಯಾಬಿನ ರಿಪೋರ್ಟು ಜೋಡಿಸಿಟ್ಟುಕೊಂಡು ತನಗೆ ನಾಲ್ಕು ಕಾಯಿಲೆ ಎಂದು ತೀರ್ಮಾನಿಸಿ ಮಗಳನ್ನು ಮುಂಬಯಿಯಿಂದ ಕರೆಸಿಕೊಂಡಿದ್ದರು. ಮಗಳು ಬಂದ ಮೇಲೆ ನಾಲ್ಕು ಎರಡಾಯಿತು. ಎರಡೂ ನಾರ್ಮಲ್ ಇತ್ತು. ಚಿಕ್ಕಮ್ಮನಿಗೆ ಮಗಳು ಬಂದದ್ದೇ ಲಾಭ.

ಈ ಕಿಣ್ವಗಳು ಎಲ್ಲಿಂದ ಬರುತ್ತವೆ? ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಕೂತಿರುವ, ಒಂದೂಕಾಲು ಒಂದೂವರೆ ಕಿಲೋ ತೂಗುವ ಲಿವರು ನಮ್ಮೊಳಗಿನ ದೊಡ್ಡ ಅಡುಗೆಮನೆ. ಎಸ್‌ಜಿಪಿಟಿ, ಎಸ್‌ಜಿಒಟಿಗಳು ಅಲ್ಲಿಯ ಸೌಟುಗಳು. ಸೌಟು ಇರಬೇಕಾದದ್ದು ಒಳಗೆ, ಜೀವಕೋಶದಲ್ಲಿ. ಹಳೆಯ ಕೋಶ ಸಾಯುವಾಗ ಒಂದೆರಡು ಹೊರಗೆ, ಅಂದರೆ ರಕ್ತಕ್ಕೆ, ಬೀಳುವುದು ದಿನನಿತ್ಯದ ಮಾತು. ಅದೇ ನಾರ್ಮಲ್ ಅಂಕಿ. ಅಂಗಳದ ತುಂಬ ಸೌಟು ಚೆಲ್ಲಾಡಿದ್ದರೆ ಒಳಗೆ ಯಾರೋ ಗೋಡೆ ಒಡೆಯುತ್ತಿದ್ದಾರೆ ಎಂದು ಅರ್ಥ. ಯಾರು ಒಡೆಯುತ್ತಿದ್ದಾರೆಂದು ಸೌಟು ಬಾಯಿ ಬಿಡುವುದಿಲ್ಲ. ಅಡುಗೆ ನಡೆಯುತ್ತಿದೆಯೇ ಎಂದೂ ಹೇಳುವುದಿಲ್ಲ. ಅದಕ್ಕೆ ನೋಡಬೇಕಾದದ್ದು ಅಡುಗೆಯನ್ನೇ: ಲಿವರು ತಯಾರಿಸುವ ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್, ಅದು ಹೊರಹಾಕಬೇಕಾದ ಬಿಲಿರುಬಿನ್. ನಮ್ಮವರು ಎಸ್‌ಜಿಪಿಟಿ ನೋಡಿ ಎದೆ ಬಡಿದುಕೊಳ್ಳುತ್ತಾರೆ, ಎರಡು ಸಾಲು ಕೆಳಗಿರುವ ಆಲ್ಬುಮಿನ್ನನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಇನ್ನೊಂದು ಕಿತಾಪತಿ ಇದೆ. ವರ್ಷಗಟ್ಟಲೆ ಒಡೆದೊಡೆದು ಅಡುಗೆಮನೆಯೇ ಪಾಳುಬಿದ್ದರೆ ಹೊರಗೆ ಬೀಳಲು ಸೌಟೇ ಉಳಿದಿರುವುದಿಲ್ಲ. ಲಿವರು ಗಂಟುಗಂಟಾಗಿ ಒಣಗಿದ ಸಿರೋಸಿಸ್‌ನಲ್ಲಿ ಎಸ್‌ಜಿಪಿಟಿ ಮೂವತ್ತೈದು ಇರಬಹುದು, ಅದೂ ಸಾದಾ ಅಕ್ಷರದಲ್ಲಿ! ಇದನ್ನು ಹೇಳಿದ್ದಕ್ಕೆ ನನ್ನ ಚಿಕ್ಕಯ್ಯ ನನ್ನೊಡನೆ ಮಾತು ಬಿಟ್ಟದ್ದೂ ಉಂಟು. ಆ ಕತೆ ಮುಂದೆ ಬರುತ್ತದೆ. ಮೊದಲು ಭಾವನದ್ದು.

ಭಾವ ಸಾಲಿಗ್ರಾಮದ ಕಡೆಯವರು. ಈರುಳ್ಳಿಯ ವಾಸನೆಗೂ ಮೂಗು ತಿರುಗಿಸುವ ಮನುಷ್ಯ. ಸೋಡಾ ಬಾಟ್ಲಿಯನ್ನು ಸಹ ನಾಲ್ಕು ಜನರ ಎದುರು ಹಿಡಿಯುವವರಲ್ಲ, ನೋಡಿದವರು ಬೇರೆ ಏನಾದರೂ ತಿಳಿದುಕೊಂಡರೆ? ಇಂಥವರಿಗೆ ಎಸ್‌ಜಿಪಿಟಿ ಎಪ್ಪತ್ತೆಂಟು. ಸ್ಕ್ಯಾನಿಂಗಿನಲ್ಲಿ 'ಫ್ಯಾಟಿ ಲಿವರ್, ಗ್ರೇಡ್ ಒಂದು'. ಭಾವನ ಮೊದಲ ಅನುಮಾನ, ಲ್ಯಾಬಿನಲ್ಲಿ ಯಾರೋ ಬಾರಿನವನ ರಕ್ತಕ್ಕೆ ತನ್ನ ಹೆಸರಿನ ಚೀಟಿ ಅಂಟಿತು ಎಂದು. ಇನ್ನೊಂದು ಲ್ಯಾಬಿಗೆ ಹೋದರು. ಅಲ್ಲಿ ಎಂಬತ್ತೊಂದು.

"ಒಂದ್ ತೊಟ್ಟ್ ಕುಡ್ದವ ಅಲ್ಲ ನಾನು, ನಂಗೆ ಎಂತಕ್ ಬಂತ್ ಭಾವ ಇದ್?" ಎಂದು ಅವರು ಕೇಳಿದಾಗ ಕಾಯಿಲೆಯ ಹೆದರಿಕೆಗಿಂತ ಮಾನಹಾನಿಯ ಹೆದರಿಕೆ ಹೆಚ್ಚಾಗಿತ್ತು. ಪಾಪ, ಅಕ್ಕನೂ ಒಳಗಿನಿಂದ ಒಂದು ಬಾಣ ಬಿಟ್ಟಳು: "ಆಟಕ್ ಹೋತೆ ಅಂದೇಳಿ ರಾತ್ರಿ ಇಡೀ ಎಲ್ಲಿಗ್ ಹೋತಿದ್ರಿ ನೀವ್?" ಮೂವತ್ತು ವರ್ಷ ಮಂದಾರ್ತಿ ಮೇಳದ ಆಟ ನೋಡಿ ಬೆಳಗಿನ ಜಾವ ಕೆಂಪು ಕಣ್ಣಿನಲ್ಲಿ ಮನೆಗೆ ಬಂದ ಭಕ್ತನ ಮೇಲೆ ಒಂದು ಪಿಡಿಎಫ್ ಎಂಥ ಆರೋಪ ಹೊರಿಸಿತು ನೋಡಿ.

ಇದೇ ನೋಡಿ ನಮ್ಮ ಕರಾವಳಿಯ ಲಿವರ್ ವಿಜ್ಞಾನ. ಹೃದಯ ಕೆಟ್ಟರೆ 'ಟೆನ್ಶನ್ ಜಾಸ್ತಿ ಪಾಪ', ಕಿಡ್ನಿ ಕೆಟ್ಟರೆ 'ಗ್ರಹಚಾರ', ಲಿವರ್ ಕೆಟ್ಟರೆ ಮಾತ್ರ 'ಓಹೋ, ಹೌದಾ?' ಆ ಓಹೋದಲ್ಲಿ ಒಂದು ಇಡೀ ಬಾರು ತೆರೆದಿರುತ್ತದೆ. ರಿಪೋರ್ಟನ್ನು ನಾವು ಆರೋಗ್ಯದ ವಿಚಾರವಾಗಿ ಓದುವುದೇ ಇಲ್ಲ, ನಡತೆಯ ಸರ್ಟಿಫಿಕೇಟಾಗಿ ಓದುತ್ತೇವೆ. ಕುಡಿಯದವ ನಾಚಿ ಮುಚ್ಚಿಡುತ್ತಾನೆ, ಕುಡಿಯುವವ ನಾರ್ಮಲ್ ಬಂದರೆ ಫ್ರೇಮು ಹಾಕಿಸುತ್ತಾನೆ. ಇಬ್ಬರೂ ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: ಇದು ಯಾಕೆ ಏರಿತು?

ಈ ಓಹೋ ನಮ್ಮದೊಂದೇ ಊರಿನ ಸೊತ್ತಲ್ಲ ಎನ್ನುವುದೇ ಭಾವನಿಗೆ ನಾನು ಕೊಟ್ಟ ಸಮಾಧಾನ. ಕುಡಿತವಿಲ್ಲದೆ ಲಿವರಿನಲ್ಲಿ ಕೊಬ್ಬು ತುಂಬುವುದಕ್ಕೆ ಬಹಳ ವರ್ಷ 'ಮದ್ಯೇತರ ಕೊಬ್ಬಿನ ಲಿವರ್' ಎಂಬರ್ಥದ ಹೆಸರಿತ್ತು. ಮದ್ಯ ಇಲ್ಲ ಎಂದು ಹೇಳುವುದಕ್ಕೂ ಮದ್ಯವನ್ನು ಎಳೆದು ತರಬೇಕಾಗಿತ್ತು. 2023ರಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಗಳು ಸೇರಿ, ರೋಗಿಗಳಿಗೆ ಅದು ಅವಮಾನ ಎಂದು ಒಪ್ಪಿ, ಆ ಹೆಸರನ್ನು ಕೈಬಿಟ್ಟವು. ಈಗಿನ ವ್ಯಾಖ್ಯೆಯಲ್ಲಿ ಸೊಂಟದ ಸುತ್ತಳತೆ, ಸಕ್ಕರೆ, ಬಿಪಿ, ಟ್ರೈಗ್ಲಿಸರೈಡ್‌ಗಳ ಮಾತು ಬರುತ್ತದೆ. ಭಾರತ ಸರಕಾರವೂ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿಪಿಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ಸೇರಿಸಿತು. ಭಾವನಿಗೆ ಇದನ್ನೆಲ್ಲ ವಿವರಿಸಿದೆ. "ಹಂಗಾರೆ ಇದ್ ಮರ್ಯಾದಸ್ತರ್ ಕಾಯಿಲೆ" ಎಂದು ಅವರ ಮುಖ ಅರಳಿತು. ಮುಖ ಅರಳಿದ್ದಾಗಲೇ ನಾನು ಅವರ ಸೊಂಟಕ್ಕೆ ಟೇಪು ಸುತ್ತಿದೆ. ನೂರಾ ನಾಲ್ಕು ಸೆಂಟಿಮೀಟರು. ನಮ್ಮ ದೇಶದ ಗಂಡಸರಿಗೆ ತೊಂಬತ್ತು, ಹೆಂಗಸರಿಗೆ ಎಂಬತ್ತು ದಾಟಬಾರದು ಎನ್ನುತ್ತಾರೆ.

ಭಾವನ ಆಹಾರ ಸಾತ್ವಿಕ, ನಿಜ. ಬೆಳಿಗ್ಗೆ ನೀರ್ ದೋಸೆ, ಅದಕ್ಕೆ ಬೆಲ್ಲ ಕಾಯಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಗುಡ್ಡ. ಸಂಜೆ ಬನ್ಸು. ವಾರಕ್ಕೆರಡು ಉಪನಯನವೋ ಗೃಹಪ್ರವೇಶವೋ, ಅಲ್ಲಿ ಪಾಯಸ ಎರಡು ಸಲ, ಹೋಳಿಗೆ ಮೂರು. ಆನೆಗುಡ್ಡೆಗೆ ಹೋದರೆ ಪಂಚಕಜ್ಜಾಯ, ಅದನ್ನು ಬೇಡ ಎನ್ನುವುದು ಹೇಗೆ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ನಡಿಗೆ ಎಂದರೆ ಜಗಲಿಯಿಂದ ಸ್ಕೂಟರಿನ ತನಕ. ಹೆಚ್ಚಾದ ಅಕ್ಕಿ ಸಕ್ಕರೆಗಳನ್ನೆಲ್ಲ ಲಿವರು ಕೊಬ್ಬಾಗಿ ಪರಿವರ್ತಿಸಿ ತನ್ನೊಳಗೇ ಪೇರಿಸಿಡುತ್ತದೆ. ಬಾಟ್ಲಿಯಿಂದ ಬಂದ ಕೊಬ್ಬು ಯಾವುದು, ನೈವೇದ್ಯದಿಂದ ಬಂದ ಕೊಬ್ಬು ಯಾವುದು ಎಂಬ ಮಡಿ ಮೈಲಿಗೆ ಅದಕ್ಕೆ ಗೊತ್ತಿಲ್ಲ.

ಬೈಂದೂರು ಕಡೆಯ ಮೀನು ತಿನ್ನುವ ನೆಂಟರು ಇದನ್ನು ಓದಿ ನಗಬೇಕಿಲ್ಲ. ಕುಂದಾಪುರದ ಕೋಳಿಸಾರು ಎಂದು ಊರೂರಿನಲ್ಲಿ ಬೋರ್ಡು ಹಾಕಿಸಿಕೊಂಡವರು ನೀವು, ಗೀ ರೋಸ್ಟಿನ ತವರೂ ಅದೇ ಕುಂದಾಪುರ ಪೇಟೆ. ಬಂಗುಡೆ, ಬೈಗೆ ಮೀನಿನ ಸಾರು ಲಿವರಿಗೆ ಯಾವ ತೊಂದರೆಯನ್ನೂ ಮಾಡಿಲ್ಲ. ತೊಂದರೆ ಮಾಡುವುದು ಆ ಸಾರು ಒಳ್ಳೆಯದಾಯಿತೆಂದು ಇಳಿಸುವ ಮೂರನೆಯ ತಟ್ಟೆ ಅನ್ನ.

ಇನ್ನು ಚಿಕ್ಕಯ್ಯ. ಸಂಜೆ ಏಳಕ್ಕೆ ಸರಿಯಾಗಿ ಅವರಿಗೆ ಪೇಟೆಯಲ್ಲಿ 'ಸಣ್ಣ ಕೆಲಸ' ಇರುತ್ತದೆ. ಕೆಲಸ ಸಣ್ಣದೇ, ಮೂವತ್ತು ಮಿಲಿಯ ಅಳತೆಯದು, ಆದರೆ ಬಹಳ ಸಲ ಮಾಡಬೇಕಾಗುತ್ತದೆ. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ ನಿಂತಾಗ ಚಿಕ್ಕಯ್ಯ ಮೂರು ದಿನ ದುಃಖದಲ್ಲಿದ್ದು ನಾಲ್ಕನೆಯ ದಿನ ಬ್ರಾಂದಿಗೆ ಬಡ್ತಿ ಪಡೆದರು. ಇವರ ಎಸ್‌ಜಿಪಿಟಿ ಮೂವತ್ತೆಂಟು! ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. "ಕಾಣಿ, ಲಿವರ್ ಅಂದ್ರೆ ಹೀಂಗಿರ್ಕ್! ಇವತ್ತ್ ಒಂದ್ ಪೆಗ್ ಜಾಸ್ತಿ ಹಾಕ್ಲಕ್ಕ್."

ನಾನು ಕಾಗದ ಬಿಡಿಸಿ ಒಂದು ಸಾಲು ಮೇಲೆ ನೋಡಿದೆ. ಎಸ್‌ಜಿಒಟಿ ತೊಂಬತ್ತೆರಡು. ಜಿಜಿಟಿ ಎಂಬ ಇನ್ನೊಂದು ಕಿಣ್ವ ಇನ್ನೂರರ ಮೇಲೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಾಲಿಗಿಂತ ಹೆಚ್ಚಿದ್ದರೆ ವೈದ್ಯರು ಮೊದಲು ಬಾಟ್ಲಿಯನ್ನೇ ನೆನೆಯುತ್ತಾರೆ. ಇವೆರಡರ ಅನುಪಾತವನ್ನು ನೋಡುವ ಕ್ರಮ 1957ರಲ್ಲಿ ಇಟಲಿಯ ಡಿ ರಿಟಿಸ್ ಎಂಬ ವೈದ್ಯರಿಂದ ಶುರುವಾಯಿತು, ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಕುಡಿಯುವವರ ಮೈಯಲ್ಲಿ ಬಿ6 ವಿಟಮಿನ್ ಕೊರತೆಯಾಗುತ್ತದೆ. ಎಸ್‌ಜಿಪಿಟಿಗೆ ಆ ವಿಟಮಿನ್ ಹೆಚ್ಚು ಬೇಕು, ಸಿಗದಿದ್ದರೆ ಅದು ಮೇಲೇಳುವುದೇ ಇಲ್ಲ. ಅಂದರೆ ಚಿಕ್ಕಯ್ಯ ಜೇಬಿನಲ್ಲಿಟ್ಟುಕೊಂಡು ಮೆರೆಯುತ್ತಿದ್ದ ಅಂಕಿಯನ್ನು ಕೆಳಗೆ ಹಿಡಿದಿಟ್ಟದ್ದೂ ಬಹುಶಃ ಬಾಟ್ಲಿಯೇ! ಪ್ಲೇಟ್‌ಲೆಟ್ ಕೂಡ ಕಡಿಮೆ ಇತ್ತು, ಲಿವರು ಗಟ್ಟಿಯಾಗುತ್ತಿದೆಯೋ ಎಂದು ಅನುಮಾನಿಸಲು ಅದೂ ಒಂದು ಕಾರಣ. ಇಷ್ಟನ್ನು ಹೇಳಿ, ಬೇಗ ಡಾಕ್ಟರನ್ನು ಕಾಣಿ ಎಂದದ್ದೇ ನಾನು ಮಾಡಿದ ಅಪರಾಧ. "ಮಾಷ್ಟ್ರಿಗೆ ಹೊಟ್ಟಿಕಿಚ್ಚ್" ಎಂದು ಊರಿಡೀ ಹೇಳಿಕೊಂಡು ಬಂದರು. ಕಡೆಗೆ ಚಿಕ್ಕಮ್ಮನೇ ಎಳೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು ಅನ್ನಿ. ಈಗ ಪೇಟೆಯಲ್ಲಿ ಅವರಿಗೆ ಸಣ್ಣ ಕೆಲಸ ಇಲ್ಲ, ನನ್ನೊಡನೆ ಮಾತೂ ಇಲ್ಲ.

ಮೂರನೆಯವನು ನಮ್ಮ ತಂಗಿಯ ಮಾಣಿ. ಇಪ್ಪತ್ತಮೂರು ವರ್ಷ, ಜಿಮ್ಮಿಗೆ ಹೊಸದಾಗಿ ಸೇರಿದವ. ಭಾನುವಾರ ಕಾಲಿನ ಸ್ನಾಯುಗಳಿಗೆ ಎಂದು ಕಬ್ಬಿಣ ಎತ್ತಿ ಎತ್ತಿ, ಸೋಮವಾರ ಮೆಟ್ಟಿಲು ಇಳಿಯಲಾರದೆ ಕೂತೇ ಜಾರಿಕೊಂಡು ಬಂದು, ಮಂಗಳವಾರ ವಿದೇಶದ ಕೆಲಸಕ್ಕೆಂದು ಮೆಡಿಕಲ್ ಮಾಡಿಸಿದ. ಎಸ್‌ಜಿಒಟಿ ನೂರಾ ಐವತ್ತು, ಎಸ್‌ಜಿಪಿಟಿ ಎಪ್ಪತ್ತು. ತಂಗಿ ಅವನ ಕೋಣೆಯ ಮಂಚದ ಅಡಿಯಲ್ಲಿ ಬಾಟ್ಲಿ ಹುಡುಕಿದಳು, ಪ್ರೋಟೀನ್ ಪುಡಿಯ ಡಬ್ಬಿ ಸಿಕ್ಕಿತು. ಅದರೊಳಗೆ ಏನಿದೆ ಎಂದು ಡಾಕ್ಟರಿಗೆ ತೋರಿಸಬೇಕಾದದ್ದೇ, ಅಂಥ ಕೆಲವು ಡಬ್ಬಿಗಳೂ ಲಿವರಿಗೆ ಕೈಕೊಡುತ್ತವೆ. ಆದರೆ ಈ ಸಲದ ಕಳ್ಳ ಬೇರೆ. ಎಸ್‌ಜಿಒಟಿ ಎಂಬ ಸೌಟು ಲಿವರಿನಲ್ಲಿರುವಂತೆಯೇ ಸ್ನಾಯುವಿನಲ್ಲೂ ಹೃದಯದಲ್ಲೂ ಕೆಂಪು ರಕ್ತಕಣದಲ್ಲೂ ಇದೆ. ಎಸ್‌ಜಿಪಿಟಿ ಮುಖ್ಯವಾಗಿ ಲಿವರಿನದು, ಸ್ನಾಯುವಿನಲ್ಲಿ ಸ್ವಲ್ಪ. ರೂಢಿಯಿಲ್ಲದೆ ಭಾರ ಎತ್ತಿದವನಿಗೆ ವಾರದ ಮೇಲೂ ಎರಡೂ ಏರಿಯೇ ಇರಬಹುದು. ಕಂಬಳದ ಗದ್ದೆಯಲ್ಲಿ ಕೋಣದ ಹಿಂದೆ ಓಡಿದ ಮರುದಿನ ರಕ್ತ ಕೊಟ್ಟರೂ ಕತೆ ಇದೇ. ಸಿಕೆ ಎಂಬ ಸ್ನಾಯುವಿನ ಕಿಣ್ವವನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಮಾಣಿಯ ಸಿಕೆ ಸಾವಿರಗಟ್ಟಲೆ ಇತ್ತು. ಎರಡು ವಾರ ಕಬ್ಬಿಣ ಮುಟ್ಟಬೇಡ, ಚೆನ್ನಾಗಿ ನೀರು ಕುಡಿ ಎಂದರು. ಮತ್ತೆ ನೋಡಿದಾಗ ಎಲ್ಲ ಸಾದಾ ಅಕ್ಷರ. ತಂಗಿ ಮಾತ್ರ ಈಗಲೂ ಮಂಚದ ಅಡಿ ನೋಡುವುದನ್ನು ಬಿಟ್ಟಿಲ್ಲ.

ಎಸ್‌ಜಿಒಟಿಗೆ ಪ್ರಸಿದ್ಧಿ ಬಂದದ್ದೇ ಹೃದಯದ ಬಾಗಿಲಿನಿಂದ ಎಂದರೆ ನಂಬುತ್ತೀರಾ? 1954ರಲ್ಲಿ ಅಮೆರಿಕದ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮನ್ ಎಂಬ ಮೂವರು, ಹೃದಯಾಘಾತವಾದವರ ರಕ್ತದಲ್ಲಿ ಅದು ಏರುತ್ತದೆ ಎಂದು ಪ್ರಕಟಿಸಿದರು. ಲಿವರಿನ ಕಾಯಿಲೆಯಲ್ಲೂ ಏರುತ್ತದೆ ಎಂಬುದು ಮರುವರ್ಷ, 1955ರಲ್ಲಿ ಅಚ್ಚಾಯಿತು. ನಮ್ಮ ದೇಶದಲ್ಲಿ ಲಿವ್ 52 ಗುಳಿಗೆ ಮಾರುಕಟ್ಟೆಗೆ ಬಂದದ್ದೂ ಅದೇ 1955ರಲ್ಲಿ. ಅಂಕಿಯೂ ಗುಳಿಗೆಯೂ ಒಂದೇ ವರ್ಷದ ಮಕ್ಕಳು. ಅಂಕಿ ಏರಿತು ಎಂದ ಕೂಡಲೇ ನಮ್ಮ ಜನರ ಕೈ ತಾನಾಗಿ ಗುಳಿಗೆಯ ಕಡೆಗೆ ಹೋಗುವುದಕ್ಕೆ ಈ ಬಾಲ್ಯಸ್ನೇಹವೇ ಕಾರಣವಿದ್ದೀತು.

ಗುಳಿಗೆಗಿಂತ ಮೊದಲೇ ನಮ್ಮಲ್ಲಿ ಕಷಾಯ ಉಂಟು. ಆಸಾಡಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು ಕಹಿಗೆ ಮುಖ ಸಿಂಡರಿಸದ ಮನೆ ಅಪರೂಪ. ಇತ್ತೀಚೆಗೆ ಅದೇ ದಿನ ಕುಂದಾಪ್ರ ಕನ್ನಡದ ಹಬ್ಬವೂ ನಡೆಯುತ್ತದೆ, ಭಾಷೆ ಸಿಹಿ, ಕಷಾಯ ಕಹಿ. ಮರ ಗೊತ್ತಿದ್ದವರು ತಂದರೆ ಸರಿ. ಕತ್ತಲೆಯಲ್ಲಿ ಹಾಡಿಗೆ ಹೋಗಿ ಹಾಲೆ ಎಂದು ಕಾಸರಕದ ತೊಗಟೆ ಕೆತ್ತಿ ತಂದರೆ, ಅದು ವಿಷ, ಎಸ್‌ಜಿಪಿಟಿ ನೋಡುವಷ್ಟು ಹೊತ್ತೂ ಕೊಡುವುದಿಲ್ಲ. ಕೊರೊನಾ ಕಾಲದಲ್ಲಿ ಬೇಲಿಯ ಮೇಲಿದ್ದ ಅಮೃತಬಳ್ಳಿಯೆಲ್ಲ ಹೊಟ್ಟೆಗೆ ಹೋಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಲಿವರಿಗೆ ಪೆಟ್ಟಾದದ್ದನ್ನು ಕಂಡೆವು ಎಂದು 2021ರಲ್ಲಿ ಮುಂಬಯಿಯ ಲಿವರ್ ತಜ್ಞರು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅವರ ಜಗಳ ಅವರಿಗಿರಲಿ, ನೀವು ಡಾಕ್ಟರ ಎದುರು ಕೂತಾಗ 'ಮದ್ದು ಎಂತದೂ ಇಲ್ಲ' ಎನ್ನಬೇಡಿ, ಕಷಾಯವನ್ನೂ ಮದ್ದಿನ ಲೆಕ್ಕಕ್ಕೆ ಹಿಡಿದು ಹೇಳಿ.

ಕಾಮಾಲೆಗೆ ಕೊಡುವ ನಾಟಿ ಮದ್ದಿನ ವಿಷಯ ಮಾತಾಡಿದರೆ ನನಗೆ ಪೆಟ್ಟು ಬಿದ್ದೀತು, ಆದರೂ ಮಾತಾಡುತ್ತೇನೆ. ನೆಲನೆಲ್ಲಿ ಬರಿಯ ಅಜ್ಜಿಮದ್ದಲ್ಲ, ವಿಜ್ಞಾನಿಗಳೂ ಅದರ ಹಿಂದೆ ಬಿದ್ದವರೇ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಮ್‌ಬರ್ಗ್ ಅವರು ಮದರಾಸಿನ ತ್ಯಾಗರಾಜನ್ ಅವರ ಜೊತೆ ಸೇರಿ ನೆಲನೆಲ್ಲಿಯಿಂದ ಆಶೆ ಹುಟ್ಟಿಸುವ ಫಲಿತಾಂಶವನ್ನು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಹಾಗಾದರೆ ನಮ್ಮೂರಲ್ಲಿ ಹಾಲಿನಲ್ಲಿ ಮದ್ದು ಕೊಟ್ಟವರ ಕೈಗುಣ? ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಎದುರಿಗಿದ್ದರೋ ಅವರಿಗೆ ಶಾಲು ಹಣ್ಣುಕಾಯಿ. ಪಥ್ಯದ ಹೆಸರಿನಲ್ಲಿ ರೋಗಿಗೆ ಎಣ್ಣೆ ಇಲ್ಲ, ಮೀನಿಲ್ಲ, ಅರಸಿನವಂತೂ ಇಲ್ಲವೇ ಇಲ್ಲ, ಯಾಕೆಂದರೆ ಅದು ಹಳದಿ! ಬಣ್ಣ ನೋಡಿ ಪಥ್ಯ ಮಾಡುವುದಾದರೆ ರಕ್ತ ಕಡಿಮೆ ಇದ್ದವರಿಗೆ ಕುಂಕುಮ ತಿನ್ನಿಸಬಹುದಿತ್ತು. ಗಂಜಿತಿಳಿಯಲ್ಲಿ ಸೊರಗಿಸದೆ, ಸೇರಿದಷ್ಟು ಸಾದಾ ಊಟ ಕೊಡಿ ಎನ್ನುತ್ತಾರೆ ಈಗಿನ ವೈದ್ಯರು.

ತಮಾಷೆ ಇಲ್ಲಿಗೆ ಒಂದು ನಿಮಿಷ ನಿಲ್ಲಲಿ. ಮಳೆಗಾಲದಲ್ಲಿ ನಟ್ಟಿಗೆ ಗದ್ದೆಗಿಳಿದ ಬೈಂದೂರು ಕಡೆಯ ಹೆಂಗಸೊಬ್ಬರಿಗೆ ಜ್ವರ, ಮೀನಖಂಡದಲ್ಲಿ ಕಿತ್ತುತಿನ್ನುವ ನೋವು, ಕೆಂಪೇರಿದ ಕಣ್ಣು. ನಾಲ್ಕನೆಯ ದಿನ ಆ ಕಣ್ಣಿಗೆ ಹಳದಿಯೂ ಸೇರಿತು. ಮನೆಯವರು ಕಾಮಾಲೆ ಮದ್ದಿಗೆಂದು ಹೊರಟಿದ್ದರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಗದರಿಸಿ ಆಸ್ಪತ್ರೆಗೆ ಕಳಿಸಿದಳು. ಅದು ಇಲಿಜ್ವರ. ಬಿಲಿರುಬಿನ್ ಬಹಳ ಏರಿತ್ತು, ಎಸ್‌ಜಿಪಿಟಿ ನೂರರ ಆಸುಪಾಸು ಮಾತ್ರ. ವೈರಸ್ಸಿನ ಹೊಸ ಕಾಮಾಲೆಯಲ್ಲಿ ಎಸ್‌ಜಿಪಿಟಿ ಹೆಚ್ಚಾಗಿ ಸಾವಿರ ದಾಟುತ್ತದೆ. ಹಳದಿ ಜಾಸ್ತಿ, ಕಿಣ್ವ ಕಡಿಮೆ, ಜೊತೆಗೆ ಜ್ವರ ಎಂದರೆ ಇಲಿಯ ಉಚ್ಚೆ ಬೆರೆತ ಗದ್ದೆನೀರಿನ ಕಡೆಗೆ ವೈದ್ಯರ ಅನುಮಾನ ತಿರುಗುತ್ತದೆ. ಕಿಡ್ನಿಗೆ ಇಳಿಯುವ ಮೊದಲೇ ಆಂಟಿಬಯಾಟಿಕ್ ಸಿಕ್ಕಿದ್ದರಿಂದ ಆಕೆ ಉಳಿದುಕೊಂಡರು. ಡೆಂಗ್ಯುವಿನಲ್ಲೂ ಕಿಣ್ವಗಳು ಏರುತ್ತವೆ, ಅಲ್ಲಿ ಎಸ್‌ಜಿಒಟಿ ಮುಂದೆ. 1957ರಲ್ಲಿ ಘಟ್ಟದ ಮೇಲೆ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲೂ ಹಾಗೆಯೇ. ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಕಡೆ ಜ್ವರದ ಜೊತೆ ಕಣ್ಣು ಹಳದಿಯಾದರೆ ಪಂಚಾಂಗ ನೋಡುತ್ತ ಕೂರಬೇಡಿ.

ಮಾತ್ರೆಗಳೂ ಗೋಡೆ ಒಡೆಯುತ್ತವೆ. ಕ್ಷಯದ ಮದ್ದುಗಳಲ್ಲಿ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರಿನ ಮೇಲೆ ಕಣ್ಣಿಟ್ಟವೇ. ವಾಂತಿ, ಹಳದಿ ಕಂಡರೆ ಅದೇ ದಿನ ಡಾಕ್ಟರಿಗೆ ಹೇಳಬೇಕು. ಪ್ಯಾರಸಿಟಮಾಲ್ ಸರಿಯಾದ ಅಳತೆಯಲ್ಲಿ ಸಾಧು. ಆದರೆ ಜ್ವರಕ್ಕೆ ಒಂದು, ತಲೆನೋವಿಗೆ ಇನ್ನೊಂದು ಹೆಸರಿನದು, ಶೀತಕ್ಕೆ ಮತ್ತೊಂದು ಎಂದು ಒಂದೇ ಮದ್ದನ್ನು ಮೂರು ವೇಷದಲ್ಲಿ ನುಂಗಿದರೆ ಅದು ಯಕ್ಷಗಾನದ ರಕ್ಕಸನ ಬಣ್ಣದ ವೇಷ ಆಗಿಬಿಡುತ್ತದೆ. ದೊಡ್ಡವರಿಗೂ ದಿನಕ್ಕೆ ನಾಲ್ಕು ಗ್ರಾಂ ಕಡೆಯ ಗಡಿ, ಕುಡಿಯುವವರಿಗೆ ಇನ್ನೂ ಕಡಿಮೆ. ಕೊಲೆಸ್ಟ್ರಾಲಿನ ಮಾತ್ರೆಯನ್ನು ಮಾತ್ರ ಅಂಕಿ ಅರುವತ್ತು ಬಂತೆಂದು ನೀವೇ ನಿಲ್ಲಿಸಬೇಡಿ. ಗಡಿಯ ಮೂರು ಪಟ್ಟು ದಾಟುವ ತನಕ ವೈದ್ಯರು ಸಾಮಾನ್ಯವಾಗಿ ಅದನ್ನು ಮುಂದುವರಿಸುತ್ತಾರೆ.

ಹೆಪಟೈಟಿಸ್ ಬಿ ಮತ್ತು ಸಿ ಹೆಸರು ಎತ್ತಿದರೆ ಮತ್ತೆ ಅದೇ ಓಹೋ. ಹೆರಿಗೆಯಲ್ಲಿ ತಾಯಿಯಿಂದ, ಎಂದೋ ಹಾಕಿದ ರಕ್ತದಿಂದ, ಶುಚಿಯಿಲ್ಲದ ಸೂಜಿಯಿಂದ ಬಂದು ದಶಕಗಟ್ಟಲೆ ಸದ್ದಿಲ್ಲದೆ ಕೂರುವ ವೈರಸ್ಸುಗಳಿವು. ಅಂಕಿ ಆರು ತಿಂಗಳಾದರೂ ಇಳಿಯದಿದ್ದರೆ, ಅಷ್ಟೇಕೆ, ಮೊದಲ ಸಲ ಏರಿದಾಗಲೇ ಇವೆರಡನ್ನು ನೋಡಿಸಿಬಿಡುವುದು ಜಾಣತನ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮದ್ದೂ ಸರಕಾರಿ ಆಸ್ಪತ್ರೆಗಳ ಮೂಲಕ ಉಚಿತ. ಸಿ ಆದರೆ ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಯಲ್ಲಿ ಗುಣ, ಬಿಗೆ ಲಸಿಕೆ ಉಂಟು.

ಇನ್ನು ಲ್ಯಾಬಿನವರು ಎಸ್‌ಜಿಪಿಟಿಗೆ ಸಾಮಾನ್ಯವಾಗಿ ಎಳೆಯುವ ನಲವತ್ತರ ಗೆರೆಯ ಬಗ್ಗೆ ಒಂದು ಗುಟ್ಟು. ಆ ಗೆರೆ ಎಳೆಯುವಾಗ ಆರೋಗ್ಯವಂತರೆಂದು ಆರಿಸಿಕೊಂಡವರಲ್ಲಿ ನಮ್ಮ ಭಾವನಂಥ ಮರ್ಯಾದಸ್ತರೂ ಸೇರಿಕೊಂಡಿದ್ದರು. ಅವರನ್ನು ಬಿಟ್ಟು ಲೆಕ್ಕ ಹಾಕಿದ ಅಮೆರಿಕದ ಹೊಟ್ಟೆಕರುಳಿನ ವೈದ್ಯರ ಸಂಘ 2017ರಲ್ಲಿ, ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25ರ ಮೇಲಿದ್ದರೆ ಕಣ್ಣಿಡಿ ಎಂದಿತು. ಹಾಗಂತ ಮೂವತ್ತಾರು ಬಂದವರು ಇವತ್ತು ರಾತ್ರಿಯೇ ಮಣಿಪಾಲಕ್ಕೆ ಬಸ್ಸು ಹಿಡಿಯಬೇಕಿಲ್ಲ. ಬಸುರಿಯರಲ್ಲಿ, ಬೆಳೆಯುವ ಮಕ್ಕಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬುದೊಂದು ಏರಿಯೇ ಇರುತ್ತದೆ, ಒಂದು ಹೊಕ್ಕುಳಬಳ್ಳಿಯ ಆಚೆಯ ಮಾಸಿನಿಂದ, ಇನ್ನೊಂದು ಎಲುಬಿನಿಂದ. ಅದಕ್ಕೂ ಗಾಬರಿ ಬೇಡ. ಬಸುರಿಗೆ ಎಸ್‌ಜಿಪಿಟಿ ಏರಿದರೆ, ಅಂಗೈ ಅಂಗಾಲು ತುರಿಸಿದರೆ ಮಾತ್ರ ಸುಮ್ಮನಿರಬೇಡಿ. ಯಾರಿಗೇ ಆಗಲಿ ಕಣ್ಣು ಹಳದಿ, ಉಚ್ಚೆ ಚಹದ ಬಣ್ಣ, ನಿಲ್ಲದ ವಾಂತಿ, ಹೊಟ್ಟೆ ಊದು, ಮಂಕು ಕವಿದ ಮಾತು ಇವುಗಳಲ್ಲಿ ಒಂದಿದ್ದರೂ ಅಂಕಿ ಎಷ್ಟೆಂದು ಕೇಳದೆ ಆಸ್ಪತ್ರೆಗೆ ಹೊರಡುವುದು.

ಭಾವನ ಸಮಾಚಾರ ಕೇಳುತ್ತೀರಾ? ಡಾಕ್ಟರು ಯಾವ ಲಿವರ್ ಗುಳಿಗೆಯನ್ನೂ ಬರೆಯಲಿಲ್ಲ. ಭಾವನಿಗೆ ಅದೇ ದೊಡ್ಡ ನಿರಾಶೆ, ಫೀಸು ಕೊಟ್ಟೂ ಗುಳಿಗೆ ಇಲ್ಲವೆಂದರೆ? ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿ ಎಂದರು. ಎಂಬತ್ತೆರಡು ಕಿಲೋದ ಭಾವನಿಗೆ ಅದು ಆರರಿಂದ ಎಂಟು ಕಿಲೋ. ದಿನಾ ಅರ್ಧ ಗಂಟೆ ಬಿರುಸು ನಡಿಗೆ, ಅನ್ನ ಅರ್ಧ, ಪಾಯಸ ಒಂದೇ ಸೌಟು. ಲಿವರಿಗೆ ಒಂದು ಒಳ್ಳೆಯ ಗುಣವಿದೆ, ಒಡೆಯುವವನು ಕೈ ತೆಗೆದರೆ ಬಹಳ ಮಟ್ಟಿಗೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಾಫಿ ಕುಡಿಯುವವರಲ್ಲಿ ಲಿವರಿನ ಕಾಯಿಲೆ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ ಎಂದೂ ಹೇಳಿದರಂತೆ, ಸಕ್ಕರೆ ಇಲ್ಲದೆ ಕುಡಿಯಿರಿ ಎಂಬ ಷರತ್ತಿನೊಂದಿಗೆ. ಭಾವ ಷರತ್ತನ್ನು ಮರೆತು ಕಾಫಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದರು. ಅಕ್ಕ ನೆನಪಿಸಿದಳು. ಮಳೆಗಾಲ ಕಳೆದು ಬೇಸಗೆ ಬರುವಷ್ಟರಲ್ಲಿ ಎಸ್‌ಜಿಪಿಟಿ ಮೂವತ್ನಾಲ್ಕು. ಈಗ ಊರಿನ ಯಾವ ಊಟದ ಪಂಕ್ತಿಯಲ್ಲೂ ಭಾವನ ಪಕ್ಕ ಕೂರಲು ಜನ ಹೆದರುತ್ತಾರೆ, ಎರಡನೆಯ ಹೋಳಿಗೆಗೆ ಕೈ ಚಾಚಿದವನ ಸೊಂಟವನ್ನು ಭಾವ ಅಳೆಯುತ್ತಾರೆ.

ಇಷ್ಟು ಓದಿದ ಮೇಲೂ ನೀವು ರಿಪೋರ್ಟನ್ನು ನನಗೇ ಕಳಿಸುತ್ತೀರಿ ಎಂದು ಗೊತ್ತು. ಕಳಿಸುವುದಾದರೆ ಬರಿಯ ದಪ್ಪ ಅಕ್ಷರದ ಸಾಲನ್ನು ಕತ್ತರಿಸಿ ಕಳಿಸಬೇಡಿ, ಪೂರ್ತಿ ಪುಟ ಬರಲಿ. ತಿಂದ ಮಾತ್ರೆ, ಕುಡಿದ ಕಷಾಯ, ಎತ್ತಿದ ಕಬ್ಬಿಣ, ಇಳಿದ ಗದ್ದೆ, ಮುಟ್ಟಿದ ಬಾಟ್ಲಿ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿರಲಿ. ನಾನು ಅದನ್ನು ಗಂಭೀರವಾಗಿ ಓದಿ, ಕನ್ನಡಕ ತೆಗೆದು ಒರೆಸಿ, "ಡಾಕ್ಟ್ರಿಗ್ ತೋರ್ಸಿ" ಎಂದು ಉತ್ತರ ಬರೆಯುತ್ತೇನೆ. ಫೀಸು ಒಂದು ಲೋಟ ಕಾಫಿ, ಸಕ್ಕರೆ ಬೇಡ. ಪಕ್ಕದಲ್ಲಿ ಯಾರಾದರೂ ಬಿಸಿ ಗೋಳಿಬಜೆ ತಂದಿಟ್ಟರೆ ಅಕ್ಕನಿಗೂ ಭಾವನಿಗೂ ಹೇಳದಿದ್ದರಾಯಿತು.